ಪ್ರತಿಕ್ರಿಯೆ: ಚರ್ಚ್ ಕಾಣಿಕೆಗೆ ಖಜಾಂಚಿಯ ಕ್ಯೂಆರ್ ಇಟ್ಟಿದ್ದೆವು, ಖಾತೆ ಬ್ಲಾಕ್ ಆಗಿದೆ. ಏನು ಮಾಡೋದು?

ತೊಂದರೆ ಬಹುಶಃ ಆ್ಯಪ್‌ನಲ್ಲಿಲ್ಲ, ಖಾತೆಯ ಹೆಸರಿನಲ್ಲಿದೆ. ಒಬ್ಬರ ಸ್ವಂತ ಉಳಿತಾಯ ಖಾತೆಗೆ ಪ್ರತಿ ಭಾನುವಾರ ಬೆಳಗ್ಗೆ ಹತ್ತಾರು ಜನರಿಂದ ನೂರು, ಇನ್ನೂರು ಬೀಳುತ್ತಿದ್ದರೆ ಬ್ಯಾಂಕಿಗೆ ಅನುಮಾನ ಬರುತ್ತದೆ. ತೆರಿಗೆ ಲೆಕ್ಕದಲ್ಲೂ ಅದು ಖಜಾಂಚಿಯ ಆದಾಯದ ಹಾಗೆ ಕಾಣುತ್ತದೆ. ನಮ್ಮ ಕಮ್ಮನಹಳ್ಳಿ ಸಭೆಯಲ್ಲೂ ಹೀಗೇ ಆಗಿತ್ತು.

ಮೊದಲು ಕಾಣಿಕೆ ಪೆಟ್ಟಿಗೆ ಮೇಲಿನ ಆ ಸ್ಟಿಕ್ಕರ್ ಕಿತ್ತುಬಿಡಿ. ಆಮೇಲೆ ಚರ್ಚ್ ನಡೆಸುವ ಟ್ರಸ್ಟಿನ ಡೀಡ್ (ಟ್ರಸ್ಟಿನ ಉದ್ದೇಶ, ನಿಯಮ ಬರೆದಿರುವ ಪತ್ರ), ಟ್ರಸ್ಟಿನ ಪ್ಯಾನ್, ಸಮಿತಿಯ ಠರಾವು, ಸಹಿ ಮಾಡುವವರ ಗುರುತಿನ ಚೀಟಿ ತಗೊಂಡು ಟ್ರಸ್ಟ್ ಹೆಸರಲ್ಲೇ ಖಾತೆ ತೆರೆಯಿರಿ. ಕ್ಯೂಆರ್ ಅದಕ್ಕೇ ಮಾಡಿಸಿ. ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿ, ಚರ್ಚ್ ಹೆಸರೇ ಬರುತ್ತಾ ನೋಡಿ.

ಸದಸ್ಯರೊಬ್ಬರು ಕೆನಡಾದಿಂದ ಕಾಣಿಕೆ ಕಳಿಸ್ತೀನಿ ಅಂದಿದ್ದಾರೆ ಅಂತ ಬರೆದಿದ್ದೀರಿ, ಅವರ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಅವರದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾದ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ಟ್ರಸ್ಟಿನ ನೋಂದಣಿ ಇಲ್ಲವೇ ಮುಂಗಡ ಅನುಮತಿ ಬೇಕು. ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ಟ್ರಸ್ಟ್ ಇದಕ್ಕೆಂದೇ ತೆರೆದ ಖಾತೆಗೆ. ಅಲ್ಲಿವರೆಗೆ ಬೇಡ ಅನ್ನಿ, ಅವರಿಗೆ ಬೇಜಾರಾದರೂ ಪರವಾಗಿಲ್ಲ.

80ಜಿ ರಸೀದಿ (ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ರಸೀದಿ) ಕೊಡಬಹುದಾ ಅಂತಲೂ ಕೇಳಿದ್ದೀರಿ, ಅದನ್ನು ನಿಮ್ಮ ಡೀಡ್ ನೋಡದೆ ಹೇಳೋಕಾಗಲ್ಲ. ಬರೀ ಆರಾಧನೆಗೆ ಅಂತ ಬರೆದಿದ್ದರೆ ಕಷ್ಟ. ಡೀಡ್ ಜೊತೆ ಖಜಾಂಚಿಯ ಖಾತೆಯ ಸ್ಟೇಟ್‌ಮೆಂಟನ್ನೂ ಆಡಿಟರ್‌ಗೆ ಕೊಡಿ. ಕಾಣಿಕೆಯ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿರಿ.