ಲಕ್ವದ ಕೈಗೆ ವಿಡಿಯೊ ಗೇಮ್: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಸೋತಿತ್ತು. ಈಗ ಕೋಲು ಹಿಡಿದು ನಡೆಯುತ್ತಾರೆ, ಆದರೆ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಫಿಸಿಯೋಥೆರಪಿಗೆಂದು ಮಡಿಕೇರಿಗೆ ಹೋಗಲು ಆಗುವುದು ವಾರಕ್ಕೊಮ್ಮೆ ಮಾತ್ರ. ಮನೆಯಲ್ಲಿ ವಿಡಿಯೊ ಗೇಮ್ ಆಡಿಸಿದರೆ ಪ್ರಯೋಜನವಾಗುತ್ತದೆಯೆ?
– ಓದುಗರು, ಸೋಮವಾರಪೇಟೆ

ಉತ್ತರ: ಆಗುತ್ತದೆ. ಆದರೆ ಅದಕ್ಕಾಗಿ ಮಡಿಕೇರಿಗೆ ಹೋಗುವುದನ್ನು ಬಿಡಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯಲ್ಲಿ ಇಂಥ 72 ಅಧ್ಯಯನಗಳನ್ನು, ಒಟ್ಟು 2,470 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಚಿಕಿತ್ಸೆಯನ್ನು ತೆಗೆದು ಅಷ್ಟೇ ಹೊತ್ತು ಆಟ ಆಡಿಸಿದಾಗ ಕೈಗೆ ವಿಶೇಷ ಲಾಭವೇನೂ ಕಾಣಲಿಲ್ಲ. ಚಿಕಿತ್ಸೆಯ ಮೇಲೆ ಹೆಚ್ಚುವರಿಯಾಗಿ ಆಡಿಸಿದಾಗ ಕಂಡಿತು.

ಇದಕ್ಕೆ ಕಾರಣ ಎಣಿಕೆಯಲ್ಲಿದೆ. ಸೋತ ಕೈಯನ್ನು ಮತ್ತೆ ನಡೆಸುವುದನ್ನು ಮಿದುಳು ಕಲಿಯುವುದು ಒಂದೇ ಚಲನೆಯನ್ನು ನೂರಾರು ಸಲ ಮಾಡಿದಾಗ. ಅಮೆರಿಕ, ಕೆನಡಾಗಳ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ ನೋಡಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಸಲದ ಚಿಕಿತ್ಸೆಯಲ್ಲಿ ಕೈಯಿಂದ ಉಪಯುಕ್ತ ಕೆಲಸದ ಚಲನೆ ನಡೆಯುತ್ತಿದ್ದದ್ದು ಸರಾಸರಿ 32 ಸಲ. ವಾರಕ್ಕೊಂದು ದಿನ 32 ಸಲ ಯಾವ ಮೂಲೆಗೂ ಸಾಲದು. ಉಳಿದ ಆರು ದಿನ ಬೇಸರವಿಲ್ಲದೆ ಆ ಎಣಿಕೆಯನ್ನು ಏರಿಸುವುದಕ್ಕೆ ಆಟ ಬೇಕು.

ಶುರು ಮಾಡುವ ಮೊದಲು ನಿಮ್ಮ ಫಿಸಿಯೋಥೆರಪಿಸ್ಟರಿಂದ ಎರಡು ವಿಷಯ ಬರೆಸಿಕೊಳ್ಳಿ: ಯಾವ ಚಲನೆಯನ್ನು ಮಾಡಿಸಬೇಕು, ಬಿ.ಪಿ. ಎಷ್ಟಿದ್ದರೆ ಆ ದಿನ ಆಡಿಸಬಾರದು. ಚಕ್ರವಿಲ್ಲದ, ಕೈಯಿರುವ ಕುರ್ಚಿ ಇಡಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಲಂಬಕೋನದಲ್ಲಿ ಮಡಿಚಿರಬೇಕು. ಟಿವಿ ಕಣ್ಣಿನ ಮಟ್ಟದಲ್ಲಿರಲಿ. ನಮ್ಮ ಹಳೆಯ ಮನೆಗಳ ಕೆಂಪು ನೆಲ ಮಳೆಗಾಲದಲ್ಲಿ ಬೆವರುತ್ತದೆ. ಸಾಕ್ಸ್‌ನಲ್ಲೋ ಬರಿಗಾಲಲ್ಲೋ ನಿಲ್ಲಿಸಬೇಡಿ, ರಬ್ಬರ್ ತಳದ, ಹಿಮ್ಮಡಿ ಕಟ್ಟಿರುವ ಚಪ್ಪಲಿ ಹಾಕಿಸಿ. ಜಾರುವ ಚಾಪೆ, ಗೋಣಿಚೀಲ ಕಾಲಡಿ ಇರಬಾರದು. ಮೊದಲ ವಾರ 5 ನಿಮಿಷ ಆಟ, 3 ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು ಸಾಕು. ಮರುದಿನ ಭುಜ ನೋಯದಿದ್ದರೆ ಸುತ್ತು ಹೆಚ್ಚಿಸಿ.

ಪ್ರಶ್ನೆ: ಯಾವ ಯಂತ್ರ ಕೊಳ್ಳಬೇಕು? ಸೆಕೆಂಡ್ ಹ್ಯಾಂಡ್ ನಿಂಟೆಂಡೊ ವೀ, ಎಕ್ಸ್‌ಬಾಕ್ಸ್ ಕಿನೆಕ್ಟ್ ಎರಡೂ ಸಿಗುತ್ತಿವೆ.
– ಓದುಗರು, ಕುಶಾಲನಗರ

ಉತ್ತರ: ಎರಡೂ ಈಗ ತಯಾರಾಗುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡೇ ಗತಿ. 2006ರಲ್ಲಿ ಬಂದ ವೀಗೆ ರಿಮೋಟನ್ನು ಕೈಯಲ್ಲಿ ಹಿಡಿಯಬೇಕು. ಬೆರಳು ಮುಚ್ಚಲು ಆಗದವರಿಗೆ ಕ್ರೇಪ್ ಬ್ಯಾಂಡೇಜಿನಿಂದ ರಿಮೋಟನ್ನು ಅಂಗೈಗೆ ಸಡಿಲವಾಗಿ ಸುತ್ತಬಹುದು. ಉಗುರು ನೀಲಿಗಟ್ಟುತ್ತಿದೆಯೆ ಎಂದು ಐದು ನಿಮಿಷಕ್ಕೊಮ್ಮೆ ನೋಡಿ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ. ಅಮೆರಿಕದಿಂದಲೋ ಜಪಾನಿನಿಂದಲೋ ತಂದ ವೀ ಅಡಾಪ್ಟರನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಒಂದು ದೇಶದ ಯಂತ್ರದಲ್ಲಿ ಇನ್ನೊಂದು ವಲಯದ ಡಿಸ್ಕ್ ಓಡುವುದಿಲ್ಲ. ಕೆಂಪು–ಬಿಳಿ–ಹಳದಿ ಪಿನ್ನಿನ ತೂತು ಇಲ್ಲದ ಹೊಸ ಟಿವಿಗೆ ಎಚ್‌ಡಿಎಂಐ ಪರಿವರ್ತಕ ಬೇಕು.

ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆ ಜೋಡಿಸುವ ಕ್ಯಾಮೆರಾ, 2010ರ ಕಿನೆಕ್ಟ್‌ಗೆ ಕೈಯಲ್ಲಿ ಏನನ್ನೂ ಹಿಡಿಯಬೇಕಿಲ್ಲ. ಆದರೆ ಅದರೆದುರು ಸುಮಾರು 6 ಅಡಿ ತೆರವು ಜಾಗ ಬೇಕು. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ ದೇಹವನ್ನು ಗುರುತಿಸುವುದರಿಂದ ಕಿಟಕಿಯ ಬಿಸಿಲು ನೇರ ಬಿದ್ದರೆ ಕೆಡುತ್ತದೆ. ರೋಗಿಗೆ ಒತ್ತಿಕೊಂಡು ನಿಂತ ಸಹಾಯಕರನ್ನೂ ಆಟಗಾರರೆಂದು ತಿಳಿದು ಗೊಂದಲ ಮಾಡುತ್ತದೆ. ಮೇಜು, ದೊಡ್ಡ ಕೈಯ ಸೋಫಾ ಕೂಡ ಹಾಗೆಯೇ.

ಬೆರಳು ಸ್ವಲ್ಪವಾದರೂ ಬಿಡಿಸುವವರಿಗೆ ಮನೆಯಲ್ಲಿರುವ ಟ್ಯಾಬ್ಲೆಟ್ಟೇ ಸಾಕು. ತಲೆಗೆ ಕಟ್ಟಿಕೊಳ್ಳುವ ವಿಆರ್ ಕನ್ನಡಕವನ್ನು ಮನೆಯಲ್ಲಿ ಬಳಸುವುದು ಬೇಡ. ಸುತ್ತಲ ನೆಲ ಕಾಣದೆ ಬೀಳುತ್ತಾರೆ.

ಪ್ರಶ್ನೆ: ಎರಡು ತಿಂಗಳಿಂದ ನಮ್ಮ ಅತ್ತೆ ವೀ ಟೆನಿಸ್ ಆಡುತ್ತಿದ್ದಾರೆ. ಸ್ಕೋರ್ ಏರುತ್ತಲೇ ಇದೆ. ಆದರೆ ಇವತ್ತಿಗೂ ಎಡಗೈಯಿಂದ ಲೋಟ ಎತ್ತಲು ಆಗುವುದಿಲ್ಲ. ಯಾಕೆ?
– ಓದುಗರು, ಗೋಣಿಕೊಪ್ಪ

ಉತ್ತರ: ಬಹಳ ಮನೆಗಳಲ್ಲಿ ಆಗುವ ತಪ್ಪು ಇದೇ. ವೀ ಟೆನಿಸ್‌ನಲ್ಲಿ ಪರದೆಯ ಆಟಗಾರ ತಾನಾಗಿಯೇ ಚೆಂಡಿನ ಬಳಿ ಓಡುತ್ತಾನೆ. ರಿಮೋಟಿನೊಳಗಿನ ಸಂವೇದಕಕ್ಕೆ ಒಂದು ಜಗ್ಗು ಸಿಕ್ಕರೆ ಸಾಕು, ಅದು ಮಣಿಕಟ್ಟಿನಿಂದ ಬಂತೋ ಮೊಣಕೈ ಚಾಚಿದ್ದರಿಂದ ಬಂತೋ ಅದಕ್ಕೆ ತಿಳಿಯದು. ನಿಮ್ಮ ಅತ್ತೆಯವರು ಕಲಿತದ್ದು ಕಡಿಮೆ ಶ್ರಮದಲ್ಲಿ ಗೆಲ್ಲುವ ಉಪಾಯವನ್ನು. ಅದು ಅವರ ತಪ್ಪಲ್ಲ.

ಮುಂದಿನ ಸಲ ಟಿವಿ ನೋಡದೆ ಅವರ ಪಕ್ಕದಲ್ಲಿ ಕುಳಿತು ಮೂರು ಕಡೆ ನೋಡಿ. ಬೆನ್ನು ಕುರ್ಚಿಯಿಂದ ಬಿಟ್ಟು ಮುಂದೆ ಬಾಗುತ್ತಿದೆಯೆ? ಭುಜ ಕಿವಿಯ ಕಡೆಗೆ ಏರುತ್ತಿದೆಯೆ? ಮೊಣಕೈ ಮಡಿಚಿದ್ದು ಮಡಿಚಿದಂತೆಯೇ ಇದೆಯೆ? ಮೂರರಲ್ಲಿ ಒಂದಿದ್ದರೂ ಕೈ ಕೆಲಸ ಮಾಡುತ್ತಿಲ್ಲ, ಕೈಯ ಪರವಾಗಿ ಮೈ ಮಾಡುತ್ತಿದೆ.

ಅಗಲವಾದ ಟವೆಲ್ಲನ್ನು ಎದೆಯ ಮೇಲಿಂದ ಕುರ್ಚಿಯ ಬೆನ್ನಿಗೆ ಕಟ್ಟಿ. ಉಸಿರಾಟಕ್ಕೆ ತೊಡಕಾಗದಷ್ಟು ಸಡಿಲ, ಮುಂದೆ ಬಾಗಲಾಗದಷ್ಟು ಬಿಗಿ. ಟೆನಿಸ್ ಬಿಟ್ಟು, ಮುಂದೆ ಕೈ ಚಾಚಿ ಮುಟ್ಟಬೇಕಾದ ಆಟ ಹಾಕಿ. ಇನ್ನು ಎಣಿಕೆ: ಪಕ್ಕದಲ್ಲಿ ಎರಡು ಬಟ್ಟಲು, ಒಂದರಲ್ಲಿ 50 ಕಾಫಿಬೀಜ. ಮೊಣಕೈ ಸರಿಯಾಗಿ ಬಿಡಿಸಿ ಚಾಚಿದ ಪ್ರತಿ ಸಲಕ್ಕೆ ನೀವು ಒಂದು ಬೀಜವನ್ನು ಆಚೆ ಬಟ್ಟಲಿಗೆ ಹಾಕಿ. ಮೈ ಬಾಗಿಸಿ ಹೊಡೆದದ್ದಕ್ಕೆ ಬೀಜವಿಲ್ಲ, ಪರದೆಯಲ್ಲಿ ಅಂಕ ಬಂದರೂ ಇಲ್ಲ. ದಿನದ ಕೊನೆಗೆ ಕ್ಯಾಲೆಂಡರಿನಲ್ಲಿ ಬರೆಯಬೇಕಾದದ್ದು ಬೀಜದ ಸಂಖ್ಯೆ.

ಲೋಟ ಎತ್ತುವುದನ್ನು ಬೇರೆಯಾಗಿಯೇ ಕಲಿಸಬೇಕು. ಆಟ ಮುಗಿದ ಕೂಡಲೇ, ಕೈ ಸಡಿಲವಾಗಿರುವಾಗ, ಖಾಲಿ ಸ್ಟೀಲ್ ಲೋಟವನ್ನು 20 ಸಲ ಹಿಡಿದು ಬಿಡಿಸಿ. ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ, ಅದಕ್ಕೆ ಅವಸರ ಮಾಡಬೇಡಿ. ಎಡಭಾಗ ಸೋತವರಲ್ಲಿ ಕೆಲವರಿಗೆ ಎಡಗಡೆಯ ವಸ್ತುಗಳು ಗಮನಕ್ಕೇ ಬರುವುದಿಲ್ಲ. ತಟ್ಟೆಯ ಎಡಬದಿಯ ಅನ್ನ ಹಾಗೆಯೇ ಉಳಿಯುತ್ತಿದ್ದರೆ ವೈದ್ಯರಿಗೆ ಹೇಳಿ, ಟಿವಿಯ ಎಡ ಅಂಚಿಗೆ ಅಗಲವಾದ ಕೆಂಪು ಟೇಪು ಅಂಟಿಸಿ, ಪ್ರತಿ ಸುತ್ತಿಗೆ ಮೊದಲು ಅದನ್ನು ನೋಡಲು ಹೇಳಿ.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಅಷ್ಟು ದಿನ ಆಟ ನಿಂತರೆ ಗಳಿಸಿದ್ದೆಲ್ಲ ಹೋಗುತ್ತದೆಯೆ?
– ಓದುಗರು, ನಾಪೋಕ್ಲು

ಉತ್ತರ: ಆಟ ನಿಂತರೆ ಚಿಂತೆಯಿಲ್ಲ, ಕೈ ನಿಲ್ಲಬಾರದು. 2016ರಲ್ಲಿ ಪ್ರಕಟವಾದ ಎವರೆಸ್ಟ್ ಎಂಬ ಪ್ರಯೋಗದಲ್ಲಿ ನಾಲ್ಕು ದೇಶಗಳ 141 ಸ್ಟ್ರೋಕ್ ರೋಗಿಗಳನ್ನು ಎರಡು ಗುಂಪು ಮಾಡಿ, ಎರಡು ವಾರಗಳಲ್ಲಿ ಒಂದೊಂದು ಗಂಟೆಯ 10 ಅವಧಿ ಕೊಟ್ಟರು. ಒಂದು ಗುಂಪಿಗೆ ವೀ, ಇನ್ನೊಂದಕ್ಕೆ ಇಸ್ಪೀಟು, ಬಿಂಗೊ, ಚೆಂಡಾಟದಂಥವು. ಎರಡೂ ಗುಂಪಿನ ಕೈ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತು. ಕರೆಂಟ್ ಇಲ್ಲದ ದಿನ ಇಸ್ಪೀಟು ಹಂಚಿಸಿ, ಎಲೆಯನ್ನು ಸೋತ ಕೈಯಿಂದಲೇ ತಿರುಗಿಸಲಿ.

ನಮ್ಮ ಮನೆಗಳಲ್ಲೇ ಒಳ್ಳೆಯ ಸಾಮಾನು ಇದೆ. ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಮೊದಲು ಕಿತ್ತಳೆ ಸಾಗಿಸಲಿ, ಅದು ಸುಲಭವಾದ ಮೇಲೆ ಅಡಿಕೆ, ಆಮೇಲೆ ಒಣ ಚೆರಿ ಕಾಫಿ (ಸಿಪ್ಪೆಸಹಿತ ಒಣಗಿದ ಹಣ್ಣು), ಆಮೇಲೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ). ಕಾಳುಮೆಣಸನ್ನು ಹೆಬ್ಬೆರಳು–ತೋರುಬೆರಳ ತುದಿಯಿಂದ ಒಂದೊಂದೇ ಎತ್ತುವ ಮಟ್ಟಕ್ಕೆ ಬಂದರೆ ಅಂಗಿಯ ಗುಂಡಿ ಹಾಕುವ ಅಭ್ಯಾಸ ಶುರು ಮಾಡಬಹುದು.

ಮಳೆಯ ಥಂಡಿಗೆ ಸೆಟೆದ ಕೈ ಇನ್ನಷ್ಟು ಬಿಗಿಯುತ್ತದೆ. ಶುರುವಿಗೆ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅದ್ದಿ. ಬಿಸಿಯನ್ನು ಪರೀಕ್ಷಿಸುವುದು ಚೆನ್ನಾಗಿರುವ ಕೈಯಿಂದ. ಸ್ಪರ್ಶ ಕಳೆದುಕೊಂಡ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಅದೇ ಕಾರಣಕ್ಕೆ ಒಲೆಯ ಮುಂದೆ ಕೈ ಕಾಯಿಸಲು ಒಬ್ಬರನ್ನೇ ಬಿಡಬೇಡಿ.

ಪ್ರಶ್ನೆ: ಪ್ರತಿ ವರ್ಷ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದ ನಮ್ಮ ದೊಡ್ಡಪ್ಪ ಈಗ ಗುರಿ ಇಡುವ ವಿಡಿಯೊ ಗೇಮ್ ಬಿಟ್ಟು ಬೇರೆ ಆಡಲು ಒಪ್ಪುವುದಿಲ್ಲ. ಪರವಾಗಿಲ್ಲವೆ?
– ಓದುಗರು, ವಿರಾಜಪೇಟೆ

ಉತ್ತರ: ಆಡಲಿ, ಮನಸ್ಸಿಟ್ಟು ಆಡುವ ಆಟವೇ ಒಳ್ಳೆಯದು. ಒಂದೇ ತೊಂದರೆ, ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದೇ ಇರುವುದು. ಸೋತ ಭುಜದ ಕೀಲು ಸ್ನಾಯುವಿನ ಆಸರೆಯಿಲ್ಲದೆ ಕೆಳಗೆ ಜಾರಿರುತ್ತದೆ, ಅದರ ಮೇಲೆ ಭಾರ ಬಿದ್ದರೆ ವಾರಗಟ್ಟಲೆ ನೋವು. ಎದೆಮಟ್ಟದ ಮೇಜಿನ ಮೇಲೆ ದಿಂಬಿಟ್ಟು ಮೊಣಕೈ ಊರಿಸಿ. ಎರಡು ನಿಮಿಷಕ್ಕೊಮ್ಮೆ ಕೈ ಇಳಿಸಲಿ. ಯಾರೂ ಆ ಕೈಯನ್ನು ಹಿಡಿದು ಮೇಲಕ್ಕೆ ಎಳೆಯಬಾರದು, ಕುರ್ಚಿಯಿಂದ ಎಬ್ಬಿಸುವಾಗ ಕೂಡ.

ಪ್ರಶ್ನೆ: ಆಡುವಾಗ ಮತ್ತೆ ಸ್ಟ್ರೋಕ್ ಆದರೆ ತಿಳಿಯುವುದು ಹೇಗೆ?
– ಓದುಗರು, ಪೊನ್ನಂಪೇಟೆ

ಉತ್ತರ: ಬಾಯಿ ಹೊಸದಾಗಿ ವಾರೆಯಾದರೆ, ಚೆನ್ನಾಗಿದ್ದ ಕೈ ಕಾಲು ಜೋತುಬಿದ್ದರೆ, ಮಾತು ತೊದಲಿದರೆ ಸುಸ್ತೆಂದು ಮಲಗಿಸಬೇಡಿ, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ, ಅದರಲ್ಲಿ ಬಹುಪಾಲನ್ನು ನಮ್ಮ ಘಟ್ಟದ ರಸ್ತೆಗಳೇ ತಿನ್ನುತ್ತವೆ. ಕೊನೆಯ ಸಲ ಅವರು ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ, ವೈದ್ಯರು ಮೊದಲು ಕೇಳುವುದು ಅದನ್ನೇ.