ಆರ್ಕಿಟೆಕ್ಟ್ ಆಗೋಕೆ ಪಿಯುಸಿಯಲ್ಲಿ ಗಣಿತ ಬೇಕೇ ಬೇಕಾ?

ಮಗಳಿಗೆ ಚಿತ್ರ ಬಿಡಿಸೋದು ಅಂದ್ರೆ ಪ್ರಾಣ, ಗಣಿತ ಅಂದ್ರೆ ಭಯ, ಎಸ್ಸೆಸ್ಸೆಲ್ಸಿ ಈಗಷ್ಟೇ ಮುಗಿದಿದೆ, ಆರ್ಟ್ಸ್ ತಗೊಂಡು ಆರ್ಕಿಟೆಕ್ಟ್ ಆಗಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಪಿಯುಸಿ ಮುಗಿಸಿ ಬಿ.ಆರ್ಕ್, ಅಂದ್ರೆ ಆರ್ಕಿಟೆಕ್ಚರ್ ಡಿಗ್ರಿ, ಸೇರಬೇಕಾದರೆ ಗಣಿತ, ಭೌತಶಾಸ್ತ್ರ ಎರಡೂ ಓದಿರಲೇಬೇಕು. ನಮ್ಮ ಪಿಯು ಕಾಲೇಜುಗಳಲ್ಲಿ ಇವೆರಡರ ಜೊತೆ ರಸಾಯನಶಾಸ್ತ್ರ ಹೇಗೂ ಬರುತ್ತೆ. ಆರಿಸಿಕೊಳ್ಳೋಕೆ ಉಳಿಯೋದು ನಾಲ್ಕನೇ ವಿಷಯ ಮಾತ್ರ.

ನಾನು ದಾವಣಗೆರೆಯಲ್ಲೇ ಪಿಯುಸಿ ಓದಿದವಳು, ಈಗ ಇಲ್ಲೇ ಮನೆಗಳ ಪ್ಲಾನ್ ಮಾಡುತ್ತೇನೆ. 'ಇರಲಿ, ನೀಟ್ ಕೂಡ ಬರೆಯಬಹುದು' ಅಂತ ನಮ್ಮ ಚಿಕ್ಕಪ್ಪ ಪಿಸಿಎಂಬಿ, ಅಂದ್ರೆ ನಾಲ್ಕನೇ ವಿಷಯವಾಗಿ ಜೀವಶಾಸ್ತ್ರ, ಕೊಡಿಸಿದ್ದರು. ಎರಡು ವರ್ಷ ಜೀವಶಾಸ್ತ್ರದ ರೆಕಾರ್ಡ್ ಬುಕ್ಕಿನಲ್ಲಿ ಚೆಂದದ ಚಿತ್ರ ಬಿಡಿಸಿದೆ, ಲೆಕ್ಚರರ್ ಅದನ್ನು ಕ್ಲಾಸಿಗೆಲ್ಲ ತೋರಿಸಿದರು. ಅಷ್ಟೇ ಲಾಭ. ನಿಮ್ಮ ಮಗಳಿಗೆ ಕಂಪ್ಯೂಟರ್ ಸೈನ್ಸ್ ಕೊಡಿಸಿ ಅಂತೀನಿ. ಅದರಲ್ಲಿ ಕಂಪ್ಯೂಟರಿನಲ್ಲಿ ಪ್ಲಾನ್ ಬರೆಯುವ ಆಟೊಕ್ಯಾಡ್ ಕಲಿಸುತ್ತಾರೆ ಅಂತ ಅಲ್ಲ, ಕಲಿಸಲ್ಲ. ಓದುವ ಹೊರೆ ಸ್ವಲ್ಪ ಕಡಿಮೆ, ಚಿತ್ರಕ್ಕೆ ಟೈಮ್ ಉಳಿಯುತ್ತೆ.

ಇನ್ನು ಗಣಿತದ ಭಯ. ನಮ್ಮಪ್ಪ ಗಾರೆ ಮೇಸ್ತ್ರಿ, ಓದಿದ್ದು ಏಳನೇ ಕ್ಲಾಸು. ಪಾಯ ತೆಗೆಯುವ ಮೊದಲು ಗೂಟ ಹೊಡೆದು ದಾರ ಕಟ್ಟುತ್ತಿದ್ದರು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಟೇಪಿನ ಒಂದು ತುದಿ ನನ್ನ ಕೈಗೆ ಕೊಡುತ್ತಿದ್ದರು. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ ಇದೆ ಅಂತ. ಅರ್ಧ ಇಂಚು ಹೆಚ್ಚುಕಡಿಮೆ ಆದರೂ ಗೂಟ ಕಿತ್ತು ಮತ್ತೆ ಹೊಡೆಯುತ್ತಿದ್ದರು. ಅದು ಪೈಥಾಗೊರಸ್ ಪ್ರಮೇಯ ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿನಲ್ಲಿ. ಅಪ್ಪನಿಗೆ ಆ ಹೆಸರು ಇವತ್ತಿಗೂ ಗೊತ್ತಿಲ್ಲ.

ನನ್ನ ದಿನನಿತ್ಯದ ಲೆಕ್ಕವೂ ಇಂಥದ್ದೇ. 10 ಅಡಿ ಎತ್ತರ ಹತ್ತಬೇಕು, ಒಂದು ಮೆಟ್ಟಿಲು 6 ಇಂಚು ಅಂದ್ರೆ 20 ಏರು. ಕಾಲಿಡುವ ಅಗಲ 10 ಇಂಚು. ನೇರವಾಗಿ ಹತ್ತಿಸಿದರೆ ಸುಮಾರು 16 ಅಡಿ ಉದ್ದ ನುಂಗುತ್ತೆ. 30-40 ಸೈಟಿನಲ್ಲಿ ಅದನ್ನು ಎಲ್ಲಿ ಇಡೋದು? ಅದಕ್ಕೇ ಮಧ್ಯದಲ್ಲಿ ತಿರುಗಿಸೋದು. ಕ್ಯಾಲ್ಕುಲಸ್ ಮಾತ್ರ ಕೆಲಸದಲ್ಲಿ ಒಂದು ಸಲವೂ ಬಳಸಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಪಿಯುಸಿಯಲ್ಲಿ ಅದನ್ನು ದಾಟಲೇಬೇಕು. ಭೌತಶಾಸ್ತ್ರ ಉಪಯೋಗಕ್ಕೆ ಬರುತ್ತೆ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಪಶ್ಚಿಮದ ಗೋಡೆ ಸಂಜೆವರೆಗೂ ಕಾದು ರಾತ್ರಿ ಒಳಗೆ ಶಾಖ ಬಿಡುತ್ತಲ್ವಾ, ಆ ಪಾಠವೇ ಅದು.

ಸಿಇಟಿ ಅಂಕ ಬಿ.ಆರ್ಕ್‌ಗೆ ಲೆಕ್ಕಕ್ಕಿಲ್ಲ. ನಾಟಾ ಅಂತ ಬೇರೆ ಪರೀಕ್ಷೆ ಇದೆ. ಅದರ ಅಂಕಕ್ಕೆ ಅರ್ಧ, ಪಿಯುಸಿ ಅಂಕಕ್ಕೆ ಅರ್ಧ ತೂಕ ಕೊಟ್ಟು, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಕೆಇಎ ರ‍್ಯಾಂಕ್ ಕೊಡುತ್ತೆ. ಹಾಗಾಗಿ ಕೆಇಎಗೂ ಅರ್ಜಿ ಹಾಕಲೇಬೇಕು. ಇದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ಸೆಕೆಂಡ್ ಪಿಯುಸಿ ಅರ್ಧ ಮುಗಿದಿತ್ತು. ಕೇಂದ್ರ ಸರ್ಕಾರದ ಎನ್‌ಐಟಿ ಕಾಲೇಜುಗಳ ಆಸೆ ಇದ್ದರೆ ಜೆಇಇ ಮೇನ್‌ನ ಎರಡನೇ ಪೇಪರ್ ಬರೆಸಿ. ಕೋರ್ಸು 5 ವರ್ಷ. ಕಾಲೇಜಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯಾ ಅಂತ ಮೊದಲೇ ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಆ ಕೌನ್ಸಿಲ್‌ನಲ್ಲಿ ನೋಂದಣಿ ಆಗದೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವಂತಿಲ್ಲ.

ಚಿತ್ರ ಚೆನ್ನಾಗಿ ಬರುತ್ತೆ ಅಂದಿರಲ್ಲ, ಎಂಥ ಚಿತ್ರ? ನಾನು ಕ್ಯಾಲೆಂಡರ್ ನೋಡಿ ಸಿನಿಮಾ ನಟಿಯರನ್ನು ಥೇಟ್ ಹಾಗೇ ಬಿಡಿಸುತ್ತಿದ್ದೆ. ಆ ಧೈರ್ಯದ ಮೇಲೆ ನಾಟಾಗೆ ಹೋದೆ. ಮಹಡಿ ಮೇಲಿಂದ ನೋಡಿದಾಗ ಸಂತೆ ಹೇಗೆ ಕಾಣುತ್ತೆ ಅನ್ನುವ ಥರದ ಪ್ರಶ್ನೆ. ನೋಡಿ ಬರೆಯೋಕೆ ಏನೂ ಇಲ್ಲ! ನನ್ನ ಜನರೆಲ್ಲ ನೆಲದ ಮೇಲೆ ಮಲಗಿದ ಹಾಗೆ ಬಂದರು. ಆ ವರ್ಷ ಹೋಯಿತು.

ಆಮೇಲೆ ಇಲ್ಲಿನ ದೃಶ್ಯಕಲಾ ಕಾಲೇಜಿನ ಒಬ್ಬ ಅಕ್ಕ ನನ್ನನ್ನು ಭಾನುವಾರಗಳಲ್ಲಿ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದಳು. ಬಾಗಿಲು ದಾಟಿದ ಕೂಡಲೇ ದಾರಿ ಯಾಕೆ ತಿರುಗುತ್ತೆ ಅಂತ ಕೇಳಿದಳು. ನೇರ ಇದ್ದರೆ ಶತ್ರುಗಳ ಆನೆ ಓಡಿಬಂದು ಮುಂದಿನ ಬಾಗಿಲಿಗೆ ಗುದ್ದುತ್ತಲ್ಲ, ಅದಕ್ಕೆ. ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಕೆಳಗಿನ ಅಕ್ಕತಂಗಿ ಹೊಂಡಕ್ಕೆ ಹೋಗುವ ದಾರಿ ಬಿಡಿಸು ಅಂದಳು. ಒಂದೇ ಕಲ್ಲಿನ ಬಾಗಿಲನ್ನು ನಿಂತು, ಕೂತು, ಮೇಲಿನ ಬಂಡೆ ಹತ್ತಿ, ಮೂರು ಸಲ ಬರೆಸಿದಳು. ನೋಡೋದು ಅಂದ್ರೆ ಏನು ಅಂತ ಆಗ ಗೊತ್ತಾಯಿತು.

ನಿಮಗೆ ಕೋಟೆ ದೂರ ಆದರೆ ಸಂತೆಬೆನ್ನೂರಿನ ಹೊಂಡ ಇದೆ. ಮೆಟ್ಟಿಲಿನ ಮೇಲೆ ಕೂತು ನೀರಿನ ನಡುವಿನ ಮಂಟಪ ಬಿಡಿಸಲಿ. ಒಂದು ದಪ್ಪ ಪೆನ್ಸಿಲ್, ಒಂದು ಬಿಳಿ ಹಾಳೆಯ ಪುಸ್ತಕ ಸಾಕು. ರಬ್ಬರ್ ಮನೆಯಲ್ಲೇ ಬಿಟ್ಟು ಹೋಗೋಕೆ ಹೇಳಿ.