ಹೊಸದಾಗಿ ಸಕ್ಕರೆ ಕಾಯಿಲೆ: ಮುದ್ದೆಯೇ, ಕೀಟೋವೇ?

ಮಂಡ್ಯದಲ್ಲಿರುವ ನಿಮ್ಮ ತಂದೆಗೆ ಟೈಪ್ 2 ಮಧುಮೇಹ ಪತ್ತೆಯಾಗಿದೆ. ಅನ್ನ ಬಿಟ್ಟು ಮುದ್ದೆ ಉಂಡರೆ ಸಾಕೇ, ಕೀಟೋ (ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚಿರುವ ಪಥ್ಯ) ಹಿಡಿಯಬೇಕೇ ಎಂದು ಕೇಳಿದ್ದೀರಿ.

ಮುದ್ದೆಯ ಮೇಲೆ ನಮ್ಮ ಕಡೆಯವರಿಗೆ ಅತಿಯಾದ ನಂಬಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ 78ರಷ್ಟು. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಎರಡು ಮುದ್ದೆ ನುಂಗಿ ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಏನು ಬಂತು? ಸಣ್ಣದೊಂದು ಮುದ್ದೆ, ಅರ್ಧ ತಟ್ಟೆ ಸೊಪ್ಪು ತರಕಾರಿ, ಹುರುಳಿಯದೋ ಅವರೆಯದೋ ಕಾಳು ಹೆಚ್ಚಿರುವ ಸಾರು: ಇದು ವರ್ಷಗಟ್ಟಲೆ ನಡೆಯುವ ಊಟ. ಬೆಲ್ಲವೂ ಸಕ್ಕರೆಯೇ. ಆಲೆಮನೆಯ ಊರಿನವರಿಗೆ ಈ ಮಾತು ಕಹಿ.

ಕೀಟೋ ಮೊದಲ ಆರು ತಿಂಗಳು ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತದೆ; ವರ್ಷದ ಹೊತ್ತಿಗೆ ಬೇರೆ ಪಥ್ಯಗಳಿಗೂ ಅದಕ್ಕೂ ಅಂತರ ಕಿರಿದಾಗುತ್ತದೆ. ತಂದೆಯವರ ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದೇ ದೊಡ್ಡ ಮದ್ದು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯದಿಂದ ಆರಂಭಿಸಿ ತೂಕ ಇಳಿಸಿದವರ ಗುಂಪಿನಲ್ಲಿ ಶೇ. 46ರಷ್ಟು ಜನರ ಸಕ್ಕರೆ ವರ್ಷದ ಕೊನೆಗೆ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಅದು ವೈದ್ಯರ ನಿಗಾದಲ್ಲಿ ನಡೆದದ್ದು, ಮನೆಯಲ್ಲಿ ಪ್ರಯೋಗಿಸಬೇಡಿ.

ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟವನ್ನು ಏಕಾಏಕಿ ಕಡಿತಗೊಳಿಸಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಮದ್ದಿನ ಪ್ರಮಾಣದ ಬಗ್ಗೆ ವೈದ್ಯರ ಬಳಿ ಮಾತನಾಡಿ.